ಆರ್ ಚಾರ್ಟಿನಲ್ಲಿ ಕನ್ನಡದ ಒತ್ತು ಒಡೆಯುತ್ತಿದೆ: ಫಾಂಟಿನ ತಪ್ಪೋ, ಥೀಮಿನದೋ?

ಗೆರೆಬರೆ

2011ರ ಜನಗಣತಿಯ ಸಾಕ್ಷರತೆ ಅಂಕಿಗಳಿಗೆ ಆರ್ ಭಾಷೆಯ ಚಾರ್ಟ್ ಪ್ಯಾಕೇಜ್ ಜಿಜಿಪ್ಲಾಟ್2ರಲ್ಲಿ ಚುಕ್ಕಿ ಚಾರ್ಟ್ ಮಾಡುತ್ತಿದ್ದೇನೆ. ಆಗ ಇದ್ದ 30 ಜಿಲ್ಲೆಗಳ ಹೆಸರು ಎಡಗಡೆ ಮೇಲಿಂದ ಕೆಳಕ್ಕೆ, ಶೇಕಡಾ ಅಡ್ಡಕ್ಕೆ, ರಾಜ್ಯದ ಸರಾಸರಿ 75.36ರ ಹತ್ತಿರ ಒಂದು ನಿಲುಗೆರೆ. ಹೆಸರು, ತಲೆಬರಹ ಎಲ್ಲ ಕನ್ನಡದಲ್ಲೇ ಇರಬೇಕು. ಉಬುಂಟು, ಆರ್ 4.4, ಜಿಜಿಪ್ಲಾಟ್2 3.5.1, ಫಾಂಟ್ ನೋಟೋ ಸ್ಯಾನ್ಸ್ ಕನ್ನಡ.

ತೊಂದರೆ ಮೂರು ಥರ ಇದೆ. ಒಂದು, ಚಿತ್ರವನ್ನು ಫೈಲಾಗಿ ಉಳಿಸುವ ಜಿಜಿಸೇವ್‌ನಲ್ಲಿ ಪಿಡಿಎಫ್ ಮಾಡಿದರೆ ಹೆಸರುಗಳ ಜಾಗದಲ್ಲಿ ಬರೀ ಚುಕ್ಕಿ ಸಾಲು, ಜೊತೆಗೆ ಒಂದು ಪುಟ ವಾರ್ನಿಂಗ್. ಎರಡು, ಬೇರೆ ಫಾಂಟ್ ಬಳಸಲು ನೆರವಾಗುವ ಶೋಟೆಕ್ಸ್ಟ್ ಪ್ಯಾಕೇಜ್ ಹಾಕಿದ ಮೇಲೆ ಅಕ್ಷರ ಬಂತು, ಆದರೆ "ದಕ್‌ಷಿಣ ಕನ್‌ನಡ", "ಚಿತ್‌ರದುರ್‌ಗ" ಅಂತ ಒತ್ತೆಲ್ಲ ಬಿಚ್ಚಿಕೊಂಡು ನಿಂತಿದೆ. ಮೂರು, ಅದೇ ಚಿತ್ರವನ್ನು 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಪಿಎನ್‌ಜಿ ಮಾಡಿದರೆ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದು. ಆರ್‌ಸ್ಟುಡಿಯೋ ಕಿಟಕಿಯಲ್ಲಿ ಮಾತ್ರ ಗಾತ್ರ ಸರಿಯಾಗಿಯೇ ಕಾಣುತ್ತದೆ.

ಬೇರೆ ಫಾಂಟ್ ಹಾಕಿದರೆ ಸರಿಹೋಗುತ್ತದಾ? ಹಾಗೆಯೇ ಕನ್ನಡಕ್ಕೆ ಹೊಂದುವ ಥೀಮ್ (ಚಾರ್ಟಿನ ಅಂದದ) ಸೆಟ್ಟಿಂಗ್ ಯಾವುದಾದರೂ ಇದ್ದರೆ ತಿಳಿಸಿ. ಕೊನೆಗೆ ಇದು ಎ4 ಪುಟದಲ್ಲಿ 16 ಸೆಂಮೀ ಅಗಲಕ್ಕೆ ಅಚ್ಚಾಗಬೇಕು.

ಒತ್ತಕ್ಷರ

ಫಾಂಟ್ ಬದಲಿಸಿ ಸಮಯ ಕಳೆಯಬೇಡಿ. ನೋಟೋದಲ್ಲಿ ಎಲ್ಲ ಒತ್ತುಗಳೂ ಇವೆ. ಇಲ್ಲದಿರುವುದು ಅವನ್ನು ಜೋಡಿಸುವ ಕೈ.

ಯೂನಿಕೋಡಿನಲ್ಲಿ "ಸ್ತ್ರೀ" ಎನ್ನುವುದು ಒಂದು ಅಕ್ಷರ ಅಲ್ಲ, ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘ ಈ. ಈ ಆರನ್ನು ಓದಿ, ತ ಮತ್ತು ರ ಕೆಳಗೆ ಹೋಗಬೇಕು, ಈಕಾರ ಸ ಮೇಲೆ ಕೂರಬೇಕು ಎಂದು ಫಾಂಟಿನೊಳಗಿನ ನಿಯಮ ನೋಡಿ ತೀರ್ಮಾನಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲ ಇದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿಗೆ ಒಪ್ಪಿಸುತ್ತವೆ. ಆರ್‌ನಲ್ಲಿ ಇದು ಜಿಜಿಪ್ಲಾಟಿನ ಕೈಯಲ್ಲಿಲ್ಲ, ಥೀಮಿನ ಕೈಯಲ್ಲೂ ಇಲ್ಲ. ಚಿತ್ರವನ್ನು ಫೈಲಿಗೋ ಪರದೆಗೋ ಬರೆಯುವ ತಂತ್ರಾಂಶದ ಭಾಗ, ಅಂದರೆ ಗ್ರಾಫಿಕ್ಸ್ ಡಿವೈಸ್, ಯಾವುದು ಎನ್ನುವುದರ ಮೇಲೆ ನಿಂತಿದೆ. ನಿಮ್ಮ ಮೂರೂ ತೊಂದರೆ ಮೂರು ಬೇರೆ ದಾರಿಯಿಂದ ಬಂದವು.

ಪಿಡಿಎಫ್ ಚುಕ್ಕಿಗಳು: ಆರ್‌ನ ಮೂಲ ಪಿಡಿಎಫ್ ಡಿವೈಸ್ ಒಂದು ಬೈಟಿಗೆ ಒಂದು ಅಕ್ಷರ ಎನ್ನುವ ಹಳೆಯ ಟೈಪ್ 1 ಲೆಕ್ಕದಲ್ಲಿ ನಡೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್. ಅದಕ್ಕೆ ಅರ್ಥವಾಗದ ಬೈಟಿಗೆಲ್ಲ ಚುಕ್ಕಿ ಇಟ್ಟು ಮುಂದೆ ಹೋಗುತ್ತದೆ. ವಾರ್ನಿಂಗಿನಲ್ಲಿ "ಎಂಬಿಸಿಎಸ್ ಟು ಎಸ್‌ಬಿಸಿಎಸ್" ಎಂಬ ಹೆಸರು ಕಂಡರೆ ಇದೇ ಕಾಯಿಲೆ ಎಂದು ತಿಳಿಯಿರಿ. ಅಲ್ಲಿ ಫ್ಯಾಮಿಲಿ ಹೆಸರು ಏನೇ ಬದಲಿಸಿದರೂ ಉಪಯೋಗವಿಲ್ಲ. ಜಿಜಿಸೇವ್‌ಗೆ ಡಿವೈಸ್ ಎಂದು ಕೈರೋ ಪಿಡಿಎಫ್ ಕೊಡಿ. ಅದು ಲಿನಕ್ಸ್‌ನಲ್ಲಿ ಪ್ಯಾಂಗೋ ಎಂಬ ಪಠ್ಯ ಜೋಡಣೆಯ ಲೈಬ್ರರಿ ಮೂಲಕ ಹೋಗುತ್ತದೆ, ಪ್ಯಾಂಗೋ ಹಾರ್ಫ್‌ಬಜ್ ಬಳಸುತ್ತದೆ. ಒತ್ತು ಸರಿಯಾಗಿ ಕೂರುತ್ತದೆ, ಫಾಂಟೂ ಪಿಡಿಎಫ್ ಒಳಗೆ ಸೇರುತ್ತದೆ.

ಬಿಚ್ಚಿದ ಒತ್ತು: ಶೋಟೆಕ್ಸ್ಟ್ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ಎತ್ತಿಕೊಂಡು ಪಕ್ಕಪಕ್ಕ ಇಡುತ್ತದೆ. ಇಂಗ್ಲಿಷಿಗೆ, ಚೀನೀ ಭಾಷೆಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು. ಇನ್ನೊಂದು ಅಪಾಯವೆಂದರೆ, ಶೋಟೆಕ್ಸ್ಟ್ ಆಟೋ ಒಮ್ಮೆ ಚಾಲೂ ಆದರೆ ಆಮೇಲೆ ತೆರೆಯುವ ಪ್ರತಿ ಡಿವೈಸಿನಲ್ಲೂ ಅದೇ ಕೈ ಹಾಕುತ್ತದೆ. ಅಂದರೆ ನೀವು ಕೈರೋ ಪಿಡಿಎಫ್‌ಗೆ ಹೋದರೂ ಒತ್ತು ಒಡೆದೇ ಬರುತ್ತದೆ. ಶೋಟೆಕ್ಸ್ಟ್ ಆಟೋಗೆ ಫಾಲ್ಸ್ ಕೊಡಿ. ನಿಮ್ಮ ಆರ್‌ಪ್ರೊಫೈಲ್ ಫೈಲಿನಲ್ಲಿ ಆ ಸಾಲು ಎಲ್ಲಾದರೂ ಅಡಗಿದೆಯಾ ನೋಡಿ, ಆಮೇಲೆ ಸೆಷನ್ ಹೊಸದಾಗಿ ಶುರುಮಾಡಿ.

ಇರುವೆ ಗಾತ್ರವೂ ಅದರದೇ ಕೊಡುಗೆ. ಶೋಟೆಕ್ಸ್ಟ್ ತನ್ನಷ್ಟಕ್ಕೆ 96 ಡಿಪಿಐ ಎಂದುಕೊಂಡಿರುತ್ತದೆ. ನೀವು 300ರಲ್ಲಿ ಉಳಿಸಿದಾಗ ಅಕ್ಷರ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ಚಾರ್ಟಿಗೆ ಅದನ್ನೇ ಬಳಸುವವರು ಶೋಟೆಕ್ಸ್ಟ್ ಆಪ್ಟ್ಸ್‌ನಲ್ಲಿ ಡಿಪಿಐ 300 ಎಂದು ಹೇಳಿದರೆ ಸಾಕು. ನಿಮಗೆ ಅದು ಬೇಡವೇ ಬೇಡ.

ಪಿಎನ್‌ಜಿಗೆ ರ‍್ಯಾಗ್ ಪ್ಯಾಕೇಜ್ ಹಾಕಿಕೊಳ್ಳಿ. ಅದರ ಅಕ್ಷರ ಜೋಡಣೆ ಟೆಕ್ಸ್ಟ್‌ಶೇಪಿಂಗ್ ಪ್ಯಾಕೇಜಿನದು, ಫಾಂಟ್ ಹುಡುಕುವುದು ಸಿಸ್ಟಂಫಾಂಟ್ಸ್. ಉಬುಂಟುವಿನಲ್ಲಿ ಸೋರ್ಸಿನಿಂದ ಕಟ್ಟುವುದಾದರೆ ಫ್ರೀಟೈಪ್, ಹಾರ್ಫ್‌ಬಜ್, ಫ್ರಿಬಿಡಿ, ಫಾಂಟ್‌ಕಾನ್ಫಿಗ್, ಪಿಎನ್‌ಜಿ, ಜೆಪೆಗ್, ಟಿಫ್ ಮೊದಲಾದವುಗಳ ಡೆವ್ (ಕಟ್ಟಲು ಬೇಕಾದ) ಪ್ಯಾಕೇಜುಗಳು ಮೊದಲೇ ಇರಬೇಕು. ಒಂದು ಇಲ್ಲದಿದ್ದರೂ ಕಟ್ಟುವುದು ಅರ್ಧಕ್ಕೆ ನಿಲ್ಲುತ್ತದೆ. ರ‍್ಯಾಗ್ ಇದ್ದರೆ ಜಿಜಿಸೇವ್ ಪಿಎನ್‌ಜಿಗೆ ತಾನಾಗಿಯೇ ಅದನ್ನು ಬಳಸುತ್ತದೆ. ಆರ್‌ಸ್ಟುಡಿಯೋ ಕಿಟಕಿಗೆ ಟೂಲ್ಸ್, ಗ್ಲೋಬಲ್ ಆಪ್ಷನ್ಸ್, ಜನರಲ್, ಗ್ರಾಫಿಕ್ಸ್ ಒಳಗೆ ಬ್ಯಾಕೆಂಡ್ ಎಜಿಜಿ (ಅಂದರೆ ರ‍್ಯಾಗ್) ಎಂದು ಆರಿಸಿ. ವರದಿ ಕಟ್ಟುವ ನಿಟರ್ ಪ್ಯಾಕೇಜ್ ಬಳಸುವವರು ಡೆವ್ ಎನ್ನುವಲ್ಲಿ ರ‍್ಯಾಗ್ ಪಿಎನ್‌ಜಿ ಎಂದು ಬರೆಯಬೇಕು. ವರದಿಯೇ ಪಿಡಿಎಫ್ ಆಗಿದ್ದರೆ ನಿಟರ್ ಮತ್ತೆ ಹಳೆಯ ಪಿಡಿಎಫ್ ಡಿವೈಸಿಗೇ ಹೋಗುತ್ತದೆ, ಅಲ್ಲಿ ಕೈರೋ ಪಿಡಿಎಫ್ ಎಂದು ಬಿಡಿಸಿ ಹೇಳಬೇಕು.

ಚಾರ್ಟ್ ಬರೆಯುವ ಮೊದಲು ಎರಡು ಪರೀಕ್ಷೆ ಮಾಡಿ. ಸಿಸ್ಟಂಫಾಂಟ್ಸ್‌ನ ಮ್ಯಾಚ್ ಫಾಂಟ್ಸ್‌ಗೆ ನಿಮ್ಮ ಫಾಂಟಿನ ಹೆಸರು ಕೊಡಿ. ಅದು ನೋಟೋ ಫೈಲಿನ ದಾರಿ ತೋರಿಸಿದರೆ ಸರಿ. ಡೆಜಾವು ಅಥವಾ ಬೇರೆ ಯಾವುದನ್ನೋ ತೋರಿಸಿದರೆ ಹೆಸರಿನ ಕಾಗುಣಿತ ತಪ್ಪಿದೆ, ಇಲ್ಲವೇ ಫಾಂಟನ್ನು ಈಗಷ್ಟೇ ಹಾಕಿದ್ದೀರಿ. ಈಗಷ್ಟೇ ಹಾಕಿದ್ದರೆ ರೀಸೆಟ್ ಫಾಂಟ್ ಕ್ಯಾಶ್ ಓಡಿಸಿ. ಎರಡನೆಯದು, ಟೆಕ್ಸ್ಟ್‌ಶೇಪಿಂಗ್‌ನ ಶೇಪ್ ಟೆಕ್ಸ್ಟ್‌ಗೆ "ಸ್ತ್ರೀ" ಕೊಟ್ಟು, ಹೊರಬರುವ ಕೋಷ್ಟಕದಲ್ಲಿ ಎಷ್ಟು ಸಾಲು ಇದೆ ಎಣಿಸಿ. ಆರಕ್ಕಿಂತ ಕಡಿಮೆ ಇದ್ದರೆ ಜೋಡಣೆ ನಡೆದಿದೆ. ಚಾರ್ಟ್ ಪರೀಕ್ಷೆಗೂ "ಕನ್ನಡ" ಎಂಬ ಪದವೊಂದೇ ಸಾಲದು. "ರಾಷ್ಟ್ರ, ಸ್ತ್ರೀ, ದುರ್ಗ, ಕೈ, ಸಾಫ್ಟ್‌ವೇರ್" ಈ ಐದನ್ನು ತಲೆಬರಹದಲ್ಲಿ ಹಾಕಿ ನೋಡಿ. ಮೂರು ಹಂತದ ಒತ್ತು, ಅರ್ಕಾವೊತ್ತು, ಐಕಾರ, ಜೋಡಿಸದೆ ಬಿಡಬೇಕಾದ ಹಲಂತ ಎಲ್ಲ ಅದರಲ್ಲಿ ಬರುತ್ತದೆ.

ಅಂಗುಲಪಟ್ಟಿ

ಮೇಲಿನದೆಲ್ಲ ಸರಿ. ಡಿವೈಸ್ ಸರಿಹೋದ ಮೇಲೆ ಗಾತ್ರದ ಪ್ರಶ್ನೆ ಬರುತ್ತದೆ, ಎಡವುವುದು ಹೆಚ್ಚಾಗಿ ಅಲ್ಲೇ.

ಮೊದಲು ಕೊನೆಯ ಅಳತೆ ಹಿಡಿಯಿರಿ. ಅಚ್ಚಿನಲ್ಲಿ 16 ಸೆಂಮೀ ಅಂದರೆ ಜಿಜಿಸೇವ್‌ನಲ್ಲೂ ಅಗಲ 16, ಯೂನಿಟ್ಸ್ ಸೆಂಮೀ. 30 ಹೆಸರಿಗೆ ಎತ್ತರ 20 ಇರಲಿ. 300 ಡಿಪಿಐಗೆ ಅದು 1890 × 2362 ಪಿಕ್ಸೆಲ್ ಆಗುತ್ತದೆ. ಪಿಕ್ಸೆಲ್ ಲೆಕ್ಕ ಪರಿಣಾಮ ಮಾತ್ರ, ಅದರಿಂದ ಶುರುಮಾಡಬೇಡಿ. 32 ಸೆಂಮೀಗೆ ಉಳಿಸಿ ವರ್ಡ್ ಫೈಲಿನಲ್ಲಿ ಮೂಲೆ ಹಿಡಿದು 16ಕ್ಕೆ ಎಳೆದರೆ 11 ಪಾಯಿಂಟ್ ಅಕ್ಷರ 5.5 ಪಾಯಿಂಟ್ ಆಗುತ್ತದೆ. ಅಷ್ಟರಲ್ಲಿ ಇಂಗ್ಲಿಷನ್ನು ಹೇಗೋ ಓದಬಹುದು. ಕನ್ನಡದ "ಕ್ಷ್ಮ" ಒಂದು ಮಸಿಯ ಗುಡ್ಡೆ.

ಜಿಜಿಪ್ಲಾಟಿನ ಬೇಸ್ ಸೈಜ್ (ಮೂಲ ಅಕ್ಷರ ಗಾತ್ರ) ತಾನಾಗಿ 11 ಪಾಯಿಂಟ್. ಅಕ್ಷದ ಹೆಸರುಗಳು ಅದರ 0.8 ಪಾಲು, ಅಂದರೆ 8.8. ತಲೆಬರಹ 1.2 ಪಾಲು, 13.2. ಕನ್ನಡಕ್ಕೆ 8.8 ಸಾಲದು. ಒಂದೇ ಪಾಯಿಂಟಿನಲ್ಲಿ ಲ್ಯಾಟಿನ್ ಅಕ್ಷರಕ್ಕಿಂತ ಕನ್ನಡದ ಅಕ್ಷರ ಹೆಚ್ಚು ಗೆರೆ ಹೊರಬೇಕು, ತಲೆಕಟ್ಟು ಮೇಲೆ, ಒತ್ತು ಕೆಳಗೆ. ಬೇಸ್ ಸೈಜ್ 13 ಮಾಡಿ: ಜಿಲ್ಲೆ ಹೆಸರು 10.4, ತಲೆಬರಹ 15.6. ತಲೆಬರಹ, ಟಿಪ್ಪಣಿ, ಅಂಚು ಕಳೆದು ಚಾರ್ಟಿಗೆ 17 ಸೆಂಮೀ ಉಳಿದರೆ ಒಂದು ಹೆಸರಿಗೆ 5.67 ಮಿಮೀ, ಸುಮಾರು 16 ಪಾಯಿಂಟ್. 10.4ರ ಅಕ್ಷರಕ್ಕೆ 16ರ ಸಾಲು ಆರಾಮ. "ಚಿಕ್ಕಬಳ್ಳಾಪುರ"ದ ಳ್ಳಾ ಕೆಳಗಿನ ಹೆಸರಿನ ತಲೆಕಟ್ಟಿಗೆ ತಾಗುವುದಿಲ್ಲ. ಎತ್ತರ 12 ಸೆಂಮೀಗೆ ಇಳಿಸಿದರೆ ತಾಗುತ್ತದೆ.

ಇನ್ನು ಸಾಲಂತರ. ಥೀಮಿನಲ್ಲಿ ಲೈನ್‌ಹೈಟ್ 0.9 ಎಂದಿದೆ. ಇಂಗ್ಲಿಷಿಗೆ ಬಿಗಿಯಾಗಿ ಚಂದ ಕಾಣಲಿ ಎಂದು ಇಟ್ಟ ಸಂಖ್ಯೆ ಅದು. ಎರಡು ಸಾಲಿನ ಕನ್ನಡ ತಲೆಬರಹಕ್ಕೆ 0.9 ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಇಕಾರಕ್ಕೆ ಸಿಕ್ಕಿಕೊಳ್ಳುತ್ತದೆ. ಥೀಮಿನ ಮೂಲ ಟೆಕ್ಸ್ಟ್ ಎಲಿಮೆಂಟಿಗೇ 1.25 ಕೊಡಿ, ಉಳಿದವು ಅದರಿಂದ ಪಡೆದುಕೊಳ್ಳುತ್ತವೆ.

ಇದರ ಜೊತೆ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸೂಕ್ಷ್ಮ ಇದೆ. ಅಕ್ಷರ ಕೂರುವ ಗೆರೆ, ಅಂದರೆ ಬೇಸ್‌ಲೈನಿನ ಕೆಳಗೆ ಎಷ್ಟು ಜಾಗ ಬಿಡಬೇಕು ಎಂದು ಜಿಜಿಪ್ಲಾಟ್ ನಿಮ್ಮ ಪಠ್ಯ ನೋಡಿ ಅಳೆಯುವುದಿಲ್ಲ. ಇಂಗ್ಲಿಷಿನ ಜಿ, ಜೆ, ಪಿ, ಕ್ಯೂ, ವೈ ಅಕ್ಷರಗಳ ಬಾಲ ಅಳೆದು, ಅದನ್ನೇ ಎಲ್ಲದಕ್ಕೂ ಬಳಸುತ್ತದೆ. "ರಾಷ್ಟ್ರ"ದ ಟ್ರ ಆ ಬಾಲಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ತಲೆಬರಹದ ಒತ್ತು ಉಪಶೀರ್ಷಿಕೆಯ ಮೇಲೆ ಬೀಳುವುದು, ಟಿಪ್ಪಣಿಯ ಕೊನೆಯ ಒತ್ತು ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗುವುದು. ಮದ್ದು ಸರಳ: ಪ್ಲಾಟ್ ಟೈಟಲ್‌ನ ಮಾರ್ಜಿನ್‌ನಲ್ಲಿ ಕೆಳಗೆ 10 ಪಾಯಿಂಟ್, ಪ್ಲಾಟ್ ಮಾರ್ಜಿನ್‌ನಲ್ಲಿ ಕೆಳಗೆ 12 ಪಾಯಿಂಟ್.

ಥೀಮ್ ಮಿನಿಮಲ್‌ನಿಂದ ಶುರುಮಾಡಿ. ಇಲ್ಲಿ ಬದಲಿಸಬೇಕಾದದ್ದು ಸ್ವಲ್ಪವೇ. ಅಕ್ಷದ ಹೆಸರು ಗ್ರೇ 30ರಲ್ಲಿ ಬರುತ್ತದೆ, ತೆಳು ಗೆರೆಯ ಫಾಂಟಿಗೆ ಅದು ಮಂಕು, ಗ್ರೇ 15 ಮಾಡಿ. ಜಾಲರಿ ಗೆರೆ ಗ್ರೇ 92, ಕೆಟ್ಟ ಪ್ರೊಜೆಕ್ಟರಿನಲ್ಲಿ ಅದು ಇದ್ದೂ ಇಲ್ಲದಂತೆ, 85ಕ್ಕೆ ಇಳಿಸಿ. ಜಿಲ್ಲೆಗಳ ಅಡ್ಡಗೆರೆ ಇರಲಿ, ಕಣ್ಣು ಹೆಸರಿನಿಂದ ಚುಕ್ಕಿಗೆ ಹೋಗಲು ಅದೇ ದಾರಿ. ಮೈನರ್ ಜಾಲರಿ ಪೂರಾ ತೆಗೆಯಿರಿ. ಪ್ಲಾಟ್ ಟೈಟಲ್ ಪೊಸಿಷನ್‌ಗೆ "ಪ್ಲಾಟ್" ಕೊಡಿ, ಇಲ್ಲದಿದ್ದರೆ "ಬೆಂಗಳೂರು ಗ್ರಾಮಾಂತರ"ದ ಉದ್ದಕ್ಕೆ ತಲೆಬರಹ ಬಲಕ್ಕೆ ತಳ್ಳಿಸಿಕೊಂಡು ನಡು ಪುಟದಿಂದ ಶುರುವಾಗುತ್ತದೆ. ವೈ ಅಕ್ಷಕ್ಕೆ "ಜಿಲ್ಲೆ" ಎಂದು ತೊಂಬತ್ತು ಡಿಗ್ರಿ ತಿರುಗಿಸಿ ಬರೆಯುವ ಅಗತ್ಯ ಯಾರಿಗೂ ಇಲ್ಲ, ತೆಗೆದುಹಾಕಿ.

30 ಚುಕ್ಕಿಗೆ 30 ಬಣ್ಣ ಬೇಡ. ಎಲ್ಲ ಬೂದು, ಮೇಲಿನ ದಕ್ಷಿಣ ಕನ್ನಡ (88.57) ಮತ್ತು ಕೆಳಗಿನ ಯಾದಗಿರಿ (51.83) ಮಾತ್ರ ಬಣ್ಣದಲ್ಲಿ. ಆರ್ 4.0ರಿಂದ ಪ್ಯಾಲೆಟ್ ಕಲರ್ಸ್ ಫಂಕ್ಷನ್ ತಾನಾಗಿ ಒಕಾಬೆ-ಇಟೊ ಬಣ್ಣಗಳನ್ನು ಕೊಡುತ್ತದೆ. ಬಣ್ಣಗುರುಡು ಇರುವವರಿಗೂ ಬೇರೆಬೇರೆಯಾಗಿ ಕಾಣಲೆಂದೇ ಆರಿಸಿದ ಗುಂಪು ಅದು. ಅದರಲ್ಲಿ ಮೊದಲನೆಯದು ಕಪ್ಪು ಎನ್ನುವುದನ್ನು ಮರೆತರೆ ಒಂದು ಚುಕ್ಕಿ ಕಪ್ಪಾಗಿ ಬಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಚುಕ್ಕಿ ಚಾರ್ಟ್ ಆದ್ದರಿಂದ ಅಕ್ಷ 50ರಿಂದ ಶುರುವಾದರೂ ತಪ್ಪಿಲ್ಲ. ಕಂಬದ ಚಾರ್ಟ್ ಮಾಡಿದರೆ ಮಾತ್ರ ಸೊನ್ನೆಯಿಂದಲೇ ಹೊರಡಬೇಕು, ಅಲ್ಲಿ ಓದುವವರು ಉದ್ದವನ್ನೇ ನೋಡುತ್ತಾರೆ.

ಗೆರೆಬರೆ

ಇಬ್ಬರಿಗೂ ಧನ್ಯವಾದ. ಶೋಟೆಕ್ಸ್ಟ್ ತೆಗೆದು ರ‍್ಯಾಗ್ ಹಾಕಿದ ಕೂಡಲೇ ಹೆಸರುಗಳು ಸರಿಯಾದವು. ಲೈನ್‌ಹೈಟ್ 1.25, ಅಂಚು ಎಲ್ಲ ಹೇಳಿದ ಹಾಗೆ ಹಾಕಿದೆ.

ಆದರೆ ಎರಡು ಹೊಸ ತಕರಾರು. ಬೇಸ್ ಫ್ಯಾಮಿಲಿ (ಥೀಮಿನ ಮೂಲ ಫಾಂಟ್) ನೋಟೋ ಅಂತ ಕೊಟ್ಟಿದ್ದರೂ ಚುಕ್ಕಿಯ ಪಕ್ಕ ಜಿಯೋಮ್ ಟೆಕ್ಸ್ಟ್‌ನಿಂದ ಬರೆದ ಪದ ಬೇರೆ ಯಾವುದೋ ಫಾಂಟಿನಲ್ಲಿ ಬರುತ್ತಿದೆ. ಅದಕ್ಕೆ ಸೈಜ್ 10 ಕೊಟ್ಟರೆ ಆನೆ ಗಾತ್ರ! ಇನ್ನೊಂದು, 30ರಲ್ಲಿ ಕೊಡಗು ಮತ್ತು ಕೊಪ್ಪಳ ಎರಡೇ ಜಿಲ್ಲೆಗೆ ಅಂಕಿ ಖಾಲಿ. ಎರಡು ಸಿಎಸ್‌ವಿ ಜೋಡಿಸಿದ್ದೆ, ಎರಡರಲ್ಲೂ ಹೆಸರು ಕಣ್ಣಿಗೆ ಒಂದೇ ಥರ ಇದೆ.

ಒತ್ತಕ್ಷರ

ಕೊಡಗು, ಕೊಪ್ಪಳ ಅಂದಕೂಡಲೇ ಗೊತ್ತಾಯಿತು. ಎರಡರಲ್ಲೂ ಒಕಾರ ಇದೆ. "ಕೊ" ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿ: ಕ ಜೊತೆ ಒಕಾರದ ಒಂದೇ ಚಿಹ್ನೆ (0ಸಿಸಿಎ), ಇಲ್ಲವೇ ಕ ಜೊತೆ ಎಕಾರ, ಅದರ ಮೇಲೆ ಊಕಾರ ಎಂದು ಎರಡು ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆಬೇರೆ ಪದ, ಹಾಗಾಗಿ ಎರಡು ಕೋಷ್ಟಕ ಜೋಡಿಸುವ ಜಾಯಿನ್ ಹೊಂದುವುದಿಲ್ಲ. ಜೋಡಿಸುವ ಮೊದಲು ಎರಡೂ ಕಡೆಯ ಹೆಸರಿನ ಕಾಲಂ ಮೇಲೆ ಸ್ಟ್ರಿಂಜಿ ಪ್ಯಾಕೇಜಿನ ಎನ್‌ಎಫ್‌ಸಿ ಫಂಕ್ಷನ್ ಓಡಿಸಿ, ಎರಡೂ ಒಂದೇ ರೂಪಕ್ಕೆ ಬರುತ್ತವೆ. ಕೋಲಾರದಲ್ಲೂ ಇದೇ ತೊಂದರೆ ಆಗಬಹುದಿತ್ತು, ಅದು ಹೇಗೋ ತಪ್ಪಿಸಿಕೊಂಡಿದೆ. ಒಂದು ಸಲ ನೋಡಿ.

ಅದೇ ಜಾಗದಲ್ಲಿ ಇನ್ನೊಂದು ಎಚ್ಚರ. ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸುವ ರೆಜೆಕ್ಸ್ (ಹುಡುಕುವ ಮಾದರಿ) ಬರೆದರೆ, ಅಕ್ಷರ ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್ ಕೂಡ ಹೋಗುತ್ತದೆ. "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗುತ್ತದೆ. ಆಮೇಲೆ ಡಿವೈಸಿನ ಮೇಲೆ ಗೂಬೆ ಕೂರಿಸಬೇಡಿ, ಅದು ಕೊಟ್ಟದ್ದನ್ನೇ ಬರೆದಿದೆ.

ಸಂಕೇತ ಎಣಿಕೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. "ದಕ್ಷಿಣ ಕನ್ನಡ"ಕ್ಕೆ ಆರ್‌ನ ಸಂಕೇತ ಎಣಿಸುವ ಫಂಕ್ಷನ್ ಎನ್‌ಚಾರ್ 12 ಎನ್ನುತ್ತದೆ, ಕಣ್ಣಿಗೆ ಕಾಣುವುದು ಆರು ಅಕ್ಷರ, ನಡುವೆ ಒಂದು ಖಾಲಿ ಜಾಗ. ಆದ್ದರಿಂದ ಉದ್ದ ಹೆಸರನ್ನು ಸಬ್‌ಸ್ಟ್ರಿಂಗ್‌ನಿಂದ ಕತ್ತರಿಸಿ ಚಿಕ್ಕದು ಮಾಡಲು ಹೋಗಬೇಡಿ. ಮೂರರಲ್ಲಿ ಕತ್ತರಿಸಿದರೆ "ದಕ್" ಎಂದು ಹಲಂತದಲ್ಲಿ ನಿಲ್ಲುತ್ತದೆ. ಚಿಕ್ಕ ರೂಪ ಬೇಕಿದ್ದರೆ "ದ. ಕನ್ನಡ", "ಉ. ಕನ್ನಡ", "ಬೆಂ. ಗ್ರಾಮಾಂತರ" ಎಂದು ಕೈಯಾರೆ ಒಂದು ಕಾಲಂ ಬರೆದಿಡಿ. 30 ಹೆಸರಿಗೆ ಹತ್ತು ನಿಮಿಷದ ಕೆಲಸ.

ಅಂಗುಲಪಟ್ಟಿ

ಜಿಯೋಮ್ ಟೆಕ್ಸ್ಟ್ ಥೀಮಿನ ಮಾತು ಕೇಳುವುದಿಲ್ಲ, ನಿಮ್ಮ 3.5.1ರಲ್ಲಿ. ಥೀಮ್ ಇರುವುದು ಅಕ್ಷ, ತಲೆಬರಹ, ಲೆಜೆಂಡಿಗೆ. ಚಾರ್ಟಿನ ಒಳಗಿನ ಬರಹ ಡೇಟಾದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಫ್ಯಾಮಿಲಿ ಬೇರೆಯಾಗಿ ಹೇಳಬೇಕು, ಇಲ್ಲವೇ ಕಡತದ ಮೇಲ್ಭಾಗದಲ್ಲಿ ಅಪ್‌ಡೇಟ್ ಜಿಯೋಮ್ ಡಿಫಾಲ್ಟ್ಸ್‌ನಲ್ಲಿ "ಟೆಕ್ಸ್ಟ್" ಮತ್ತು "ಲೇಬಲ್" ಎರಡಕ್ಕೂ ಒಮ್ಮೆ ಹೇಳಿಬಿಡಿ. 2025ರಲ್ಲಿ ಬಂದ ಜಿಜಿಪ್ಲಾಟ್2 4.0ರಲ್ಲಿ ಇದನ್ನು ಸರಿಪಡಿಸಿದ್ದಾರೆ, ಜಿಯೋಮ್‌ಗಳೂ ಫ್ಯಾಮಿಲಿಯನ್ನು ಥೀಮಿನಿಂದಲೇ ಪಡೆಯುತ್ತವೆ. ಥೀಮ್ ಫಂಕ್ಷನ್‌ಗಳಿಗೆ ಇಂಕ್, ಪೇಪರ್ ಎಂದು ಎರಡು ಬಣ್ಣ ಕೊಟ್ಟರೆ ಉಳಿದ ಛಾಯೆಗಳನ್ನೂ ಅದೇ ಕಲಸಿಕೊಳ್ಳುತ್ತದೆ. ಕಪ್ಪು ಹಿನ್ನೆಲೆಯ ಸ್ಲೈಡ್ ಮಾಡುವವರಿಗೆ ಇದು ವರವೇ ಸರಿ.

ಆನೆ ಗಾತ್ರಕ್ಕೆ ಕಾರಣ: ಥೀಮಿನ ಸೈಜ್ ಪಾಯಿಂಟಿನಲ್ಲಿ, ಜಿಯೋಮ್ ಟೆಕ್ಸ್ಟ್‌ನ ಸೈಜ್ ಮಿಲಿಮೀಟರಿನಲ್ಲಿ. 1 ಮಿಮೀ ಅಂದರೆ 2.845 ಪಾಯಿಂಟ್. ನೀವು ಕೊಟ್ಟ 10 ಎಂದರೆ ಇಪ್ಪತ್ತೆಂಟೂವರೆ ಪಾಯಿಂಟ್. ಅದರ ತಾನಾಗಿರುವ 3.88 ಎಂಬ ವಿಚಿತ್ರ ಸಂಖ್ಯೆಯೂ ಇದಕ್ಕೇ, ಅದು 11 ಪಾಯಿಂಟ್. 3.5.0ರಿಂದ ಸೈಜ್ ಯೂನಿಟ್ "ಪಿಟಿ" ಎಂದು ಹೇಳಬಹುದು. ಹಾಗೆ ಮಾಡಿ 10 ಕೊಡಿ, ಅಕ್ಷದ 10.4ಕ್ಕೆ ಹೊಂದುತ್ತದೆ.

ದಪ್ಪ ಅಕ್ಷರದ ವಿಷಯಕ್ಕೂ ಒಂದು ಮಾತು. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್ ಫೈಲಿನಲ್ಲಿ ವೇರಿಯಬಲ್ ಫಾಂಟ್ (ಎಲ್ಲ ದಪ್ಪವೂ ಒಂದರಲ್ಲೇ ಇರುವುದು) ಒಂದು ಫೈಲ್, ಸ್ಟ್ಯಾಟಿಕ್ ಎಂಬ ಫೋಲ್ಡರಿನಲ್ಲಿ ಪ್ರತಿ ದಪ್ಪಕ್ಕೆ ಬೇರೆಬೇರೆ ಫೈಲ್ ಇರುತ್ತವೆ. ಆರ್‌ಗೆ ಸ್ಟ್ಯಾಟಿಕ್ ಫೈಲುಗಳನ್ನೇ ಹಾಕಿ. ವೇರಿಯಬಲ್ ಒಂದೇ ಇದ್ದರೆ ಬೋಲ್ಡ್ ಕೇಳಿದರೂ ರೆಗ್ಯುಲರ್ ಬಂದು ನಿಲ್ಲಬಹುದು. ದಪ್ಪದಲ್ಲಿ ಆರ್‌ಗೆ ಪ್ಲೇನ್, ಬೋಲ್ಡ್ ಎರಡೇ ಗೊತ್ತು. ತಲೆಬರಹಕ್ಕೆ ಸೆಮಿಬೋಲ್ಡ್ ಬೇಕಾದರೆ ಸಿಸ್ಟಂಫಾಂಟ್ಸ್‌ನ ರಿಜಿಸ್ಟರ್ ವೇರಿಯಂಟ್‌ನಲ್ಲಿ ಹೊಸ ಹೆಸರಿಟ್ಟು ಆ ದಪ್ಪವನ್ನು ನೋಂದಾಯಿಸಿ, ಆ ಹೆಸರನ್ನು ಫ್ಯಾಮಿಲಿಯಾಗಿ ಬಳಸಿ. ಚಿಕ್ಕ ಗಾತ್ರದಲ್ಲಿ ಕನ್ನಡಕ್ಕೆ ಬೋಲ್ಡಿಗಿಂತ ಸೆಮಿಬೋಲ್ಡ್ ಮೇಲು. ಬೋಲ್ಡಿನಲ್ಲಿ ಒತ್ತಿನ ಒಳಗಣ್ಣು ಮುಚ್ಚಿಹೋಗುತ್ತದೆ.

ಜಾಗ ಸಾಲದಿದ್ದರೆ ಏಕ್ ಟೈಪ್‌ನವರ ಅನೇಕ್ ಕನ್ನಡ ನೋಡಿ. ಅದರಲ್ಲಿ ದಪ್ಪದ ಜೊತೆ ಅಗಲವೂ ಬದಲಾಗುತ್ತದೆ, ಕಂಡೆನ್ಸ್‌ಡ್ ರೂಪದಲ್ಲಿ "ಬೆಂಗಳೂರು ಗ್ರಾಮಾಂತರ" ಒಂದೇ ಸಾಲಿನಲ್ಲಿ ಕೂರುತ್ತದೆ.

ಮೊಳೆಜೋಡಣೆ

ಕಂಡೆನ್ಸ್‌ಡ್ ಬಗ್ಗೆ ನನ್ನದು ಭಿನ್ನಾಭಿಪ್ರಾಯ. ಪರದೆಯಲ್ಲಿ ಸರಿ. ಹತ್ತು ಪಾಯಿಂಟಿನ ಕೆಳಗೆ, ಆಫ್‌ಸೆಟ್ಟಿನಲ್ಲಿ, ಒರಟು ಕಾಗದದ ಮೇಲೆ ಕಂಡೆನ್ಸ್‌ಡ್ ಕನ್ನಡದ ದುಂಡು ಹೊಟ್ಟೆಗಳಲ್ಲಿ ಮಸಿ ತುಂಬುತ್ತದೆ. ಪ ಯಾವುದು, ಷ ಯಾವುದು ಎಂದು ಹುಡುಕಬೇಕಾಗುತ್ತದೆ. ಹೆಸರನ್ನೇ ಚಿಕ್ಕದು ಮಾಡುವ "ಬೆಂ. ಗ್ರಾಮಾಂತರ" ದಾರಿಯೇ ಒಳ್ಳೆಯದು.

ಅಚ್ಚಿಗೆ ಕೊಡುವಾಗ ಎಸ್‌ವಿಜಿ ಬೇಡ. ಆರ್‌ನ ಎಸ್‌ವಿಜಿಲೈಟ್ ಪ್ಯಾಕೇಜ್ ಬರೆದ ಫೈಲಿನಲ್ಲಿ ಪಠ್ಯ ಪಠ್ಯವಾಗಿಯೇ ಇರುತ್ತದೆ, ಅದನ್ನು ತೆರೆಯುವವರೇ ಅಕ್ಷರ ಜೋಡಿಸಬೇಕು. ಬ್ರೌಸರ್ ಸರಿಯಾಗಿ ಜೋಡಿಸುತ್ತದೆ, ಆದ್ದರಿಂದ ವೆಬ್ ಪುಟಕ್ಕೆ ಅದು ಚೆನ್ನ. ಡಿಟಿಪಿ ಮಾಡುವವರು ಇಲಸ್ಟ್ರೇಟರಿನಲ್ಲಿ ತೆರೆದಾಗ ಟೈಪ್ ಪ್ರಿಫರೆನ್ಸಿನಲ್ಲಿ ಇಂಡಿಕ್ ಆಪ್ಷನ್ ಚಾಲೂ ಇಲ್ಲದಿದ್ದರೆ, ದಕ್ಷಿಣ ಏಷ್ಯಾದ ಕಂಪೋಸರ್ ಆರಿಸದಿದ್ದರೆ ಮತ್ತೆ "ಕನ್‌ನಡ". ಜೊತೆಗೆ ಎಸ್‌ವಿಜಿಲೈಟ್ ಪ್ರತಿ ಪದದ ಉದ್ದವನ್ನೂ ಫೈಲಿನಲ್ಲಿ ಬರೆದಿಡುತ್ತದೆ. ಆ ಗಣಕದಲ್ಲಿ ನೋಟೋ ಇಲ್ಲದೆ ಬೇರೆ ಫಾಂಟ್ ಬಂದರೆ ಅಕ್ಷರಗಳನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಆ ಉದ್ದಕ್ಕೆ ಹೊಂದಿಸುತ್ತದೆ. ಅದು ಬೇಡ ಎಂದರೆ ಫಿಕ್ಸ್ ಟೆಕ್ಸ್ಟ್ ಸೈಜ್ ಫಾಲ್ಸ್ ಮಾಡಬೇಕು.

ಕೈರೋ ಪಿಡಿಎಫ್ ಕೊಡಿ. ಕೊಡುವ ಮೊದಲು ಟರ್ಮಿನಲ್‌ನಲ್ಲಿ ಪಾಪ್ಲರ್‌ನ ಪಿಡಿಎಫ್‌ಫಾಂಟ್ಸ್ ಓಡಿಸಿ, "ಎಂಬ್" (ಫಾಂಟ್ ಒಳಗೆ ಸೇರಿದೆಯೇ ಎನ್ನುವ) ಕಾಲಂನಲ್ಲಿ ಎಲ್ಲ ಸಾಲಿಗೂ "ಯೆಸ್" ಇದೆಯಾ ನೋಡಿ. ಪುಟದ ಉಳಿದ ಪಠ್ಯ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೂ ತೊಂದರೆಯಿಲ್ಲ, ಪಿಡಿಎಫ್ ಚಿತ್ರವಾಗಿ ಹೋಗಿ ಕೂರುತ್ತದೆ. ಆದರೆ ಚಾರ್ಟಿನಿಂದ ಹೆಸರನ್ನು ನಕಲು ಮಾಡಿ ಪುಟಕ್ಕೆ ಅಂಟಿಸಲು ಯಾರಿಗೂ ಬಿಡಬೇಡಿ. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡದಲ್ಲಿ ಒತ್ತುಗಳ ಕ್ರಮ ಆಗಾಗ ಹಿಂದುಮುಂದಾಗಿ ಬರುತ್ತದೆ.

ಅಂಕಿಗಳು: ಚಾರ್ಟಿನ ಅಕ್ಷದಲ್ಲಿ ಕನ್ನಡ ಅಂಕಿ ಹಾಕಬೇಕಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪುಟದಲ್ಲಿ 75.36 ಎಂದಿದ್ದು ಚಾರ್ಟಿನಲ್ಲಿ ೭೫.೩೬ ಎಂದಿದ್ದರೆ ಓದುವವರು ಎರಡನ್ನೂ ತಾಳೆ ಹಾಕುತ್ತಾ ಕೂರಬೇಕು. ಪುಟದಲ್ಲಿ ಯಾವುದಿದೆಯೋ ಅದೇ ಇರಲಿ.

ಅಂಗುಲಪಟ್ಟಿ

ಒರಟು ಕಾಗದದ ಮಾತು ಒಪ್ಪಿದೆ.

ಅಂಕಿ ಎಂದಮೇಲೆ ಲಕ್ಷ, ಕೋಟಿಯದೂ ಹೇಳಬೇಕು. ಇದೇ ಚಾರ್ಟಿನ ಪಕ್ಕ ಜನಸಂಖ್ಯೆಯದೂ ಮಾಡಿದರೆ ಸ್ಕೇಲ್ಸ್ ಪ್ಯಾಕೇಜಿನ ಲೇಬಲ್ ಕಾಮಾ ಬೆಂಗಳೂರು ನಗರಕ್ಕೆ 9,621,551 ಎಂದು ಬರೆಯುತ್ತದೆ. ನಮಗೆ ಬೇಕಾದದ್ದು 96,21,551. ಅಕ್ಷಕ್ಕೆ ಅಷ್ಟು ಉದ್ದದ ಸಂಖ್ಯೆಯೇ ಬೇಡ. ಲೇಬಲ್ ನಂಬರ್‌ನ ಸ್ಕೇಲ್ ಕಟ್‌ಗೆ ಹೆಸರುಳ್ಳ ವೆಕ್ಟರ್ ಕೊಡಿ: ಖಾಲಿ ಹೆಸರಿಗೆ 0, "ಸಾವಿರ"ಕ್ಕೆ 1,000, "ಲಕ್ಷ"ಕ್ಕೆ 1,00,000, "ಕೋಟಿ"ಗೆ 1,00,00,000. ಕೋಡಿನಲ್ಲಿ ಅಲ್ಪವಿರಾಮ ಇಲ್ಲದೆ ಬರೆಯಿರಿ. ಪದದ ಮುಂದೆ ಒಂದು ಖಾಲಿ ಜಾಗ ಬಿಡದಿದ್ದರೆ "20ಲಕ್ಷ" ಎಂದು ಅಂಟಿಕೊಳ್ಳುತ್ತದೆ. ಆಮೇಲೆ ಅಕ್ಷದಲ್ಲಿ 20 ಲಕ್ಷ, 40 ಲಕ್ಷ, 60 ಲಕ್ಷ ಎಂದು ಬರುತ್ತದೆ.

ಕಾಲಂ ಸಾಲಾಗಿ ನಿಲ್ಲಬೇಕಾದ ಸಂಖ್ಯೆಗಳಿಗೆ ಫಾಂಟಿನ ಟ್ಯಾಬ್ಯುಲರ್ (ಎಲ್ಲಕ್ಕೂ ಒಂದೇ ಅಗಲದ) ಅಂಕಿ ಚಾಲೂ ಮಾಡಿ. ರಿಜಿಸ್ಟರ್ ವೇರಿಯಂಟ್‌ಗೆ ಫೀಚರ್ಸ್ ಎಂದು ಫಾಂಟ್ ಫೀಚರ್ ಕೊಡಬಹುದು, ಅದರಲ್ಲಿ ನಂಬರ್ಸ್ "ಟ್ಯಾಬ್ಯುಲರ್". ಆದರೆ ಫಾಂಟಿನಲ್ಲಿ ಆ ಸೌಲಭ್ಯ ಇರಬೇಕು, ಇಲ್ಲದಿದ್ದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 1 ಮತ್ತು 8 ತುಂಬಿದ ಎರಡು ಸಾಲು ಒಂದರ ಕೆಳಗೊಂದು ಬರೆದು ನೋಡಿದರೆ ತಿಳಿಯುತ್ತದೆ.

ಹಾವುಏಣಿ

ಇದೇ ಕೆಲಸ ಪೈಥಾನ್‌ನಲ್ಲಿ ಮಾಡುವವರಿಗಾಗಿ ಇಲ್ಲೇ ಸೇರಿಸುತ್ತೇನೆ, ಕಾಯಿಲೆ ಒಂದೇ.

ಪೈಥಾನ್‌ನ ಚಾರ್ಟ್ ಪ್ಯಾಕೇಜ್ ಮ್ಯಾಟ್‌ಪ್ಲಾಟ್‌ಲಿಬ್‌ನ ತಾನಾಗಿರುವ ಫಾಂಟ್ ಡೆಜಾವು ಸ್ಯಾನ್ಸ್, ಅದರಲ್ಲಿ ಕನ್ನಡವೇ ಇಲ್ಲ. "ಗ್ಲಿಫ್ 3221 ಮಿಸ್ಸಿಂಗ್" ಎಂದು ಬರುತ್ತದೆ, 3221 ಎಂದರೆ ನಮ್ಮ ಕ. ಅದರ ಜೊತೆಗೇ ಕನ್ನಡಕ್ಕೆ ಸಹಜ ಬೆಂಬಲ ಇಲ್ಲ ಎಂಬ ಇನ್ನೊಂದು ವಾರ್ನಿಂಗೂ ಬರುತ್ತದೆ. ಇಲ್ಲೇ ಮೋಸಹೋಗುವುದು: ಈ ಎರಡನೆಯ ವಾರ್ನಿಂಗ್ ಬರುವುದು ಗ್ಲಿಫ್ (ಅಕ್ಷರದ ಚಿತ್ರ) ಸಿಗದಿದ್ದಾಗ ಮಾತ್ರ. ಅದರ ಸೆಟ್ಟಿಂಗ್ ಪಟ್ಟಿ ಆರ್‌ಸಿ ಪ್ಯಾರಮ್ಸ್‌ನಲ್ಲಿ ನೋಟೋ ಹಾಕಿದ ಕೂಡಲೇ ಎರಡೂ ವಾರ್ನಿಂಗ್ ಮಾಯ, ಒತ್ತು ಮಾತ್ರ 3.10ರವರೆಗಿನ ಆವೃತ್ತಿಗಳಲ್ಲಿ ಒಡೆದೇ ಇರುತ್ತದೆ. ವಾರ್ನಿಂಗ್ ಇಲ್ಲ ಎಂದು ಫೈಲ್ ಕಳಿಸಿಬಿಡಬೇಡಿ, ಚಿತ್ರ ತೆರೆದು "ದುರ್ಗ" ನೋಡಿ. ಪ್ಲಾಟ್‌ನೈನ್ ಕೂಡ ಮ್ಯಾಟ್‌ಪ್ಲಾಟ್‌ಲಿಬ್ ಮೇಲೆಯೇ ನಿಂತಿರುವುದರಿಂದ ಅದಕ್ಕೂ ಇದೇ ಗತಿ.

ಎಂಪಿಎಲ್‌ಕೈರೋ ಬ್ಯಾಕೆಂಡ್ ರಾಕ್ಮ್ ಎಂಬ ಲೈಬ್ರರಿ ಮೂಲಕ ಹಾರ್ಫ್‌ಬಜ್ ಬಳಸುತ್ತದೆ, ಅದರಲ್ಲಿ ಸರಿಯಾಗಿ ಬರುತ್ತದೆ. ಅದನ್ನು ಹಾಕುವ ತಾಪತ್ರಯ ಬೇಡದವರು ಆಲ್ಟೇರ್ ಎಂಬ ಚಾರ್ಟ್ ಪ್ಯಾಕೇಜ್ ಬಳಸಿ ಎಚ್‌ಟಿಎಮ್‌ಎಲ್ ಮಾಡಬಹುದು. ಅಲ್ಲಿ ಅಕ್ಷರ ಜೋಡಿಸುವುದು ಬ್ರೌಸರ್.

ಗೆರೆಬರೆ

ಎನ್‌ಎಫ್‌ಸಿ ಹಾಕಿದ ಮೇಲೆ ಕೊಡಗು, ಕೊಪ್ಪಳ ಎರಡೂ ಬಂದವು. ಕೋಲಾರ ಎರಡೂ ಫೈಲಿನಲ್ಲಿ ಒಂದೇ ರೂಪದಲ್ಲಿತ್ತು. ಪಿಡಿಎಫ್‌ಫಾಂಟ್ಸ್‌ನಲ್ಲಿ ಎಲ್ಲ ಸಾಲಿಗೂ "ಯೆಸ್" ಇದೆ. ಉಳಿದದ್ದು ಒಂದೇ: ಇದೇ ಚಾರ್ಟನ್ನು ಎ1 ಭಿತ್ತಿಪತ್ರಕ್ಕೆ ದೊಡ್ಡದು ಮಾಡಬೇಕು. ಜಿಜಿಸೇವ್‌ನ ಸ್ಕೇಲ್ 3 ಎಂದು ಕೊಟ್ಟರೆ ಅಕ್ಷರ ಇನ್ನೂ ಚಿಕ್ಕದಾಗಿ ಕಾಣುತ್ತಿದೆಯಲ್ಲ?

ಅಂಗುಲಪಟ್ಟಿ

ಆ ಸ್ಕೇಲ್ ಹಿಗ್ಗಿಸುವುದು ಹಾಳೆಯನ್ನು, ಅಕ್ಷರವನ್ನಲ್ಲ. 16 ಸೆಂಮೀ 48 ಆಗುತ್ತದೆ, ಅಕ್ಷರ 10.4 ಪಾಯಿಂಟಿನಲ್ಲೇ ನಿಂತಿರುತ್ತದೆ. ಸ್ಕೇಲ್ ತೆಗೆದು ಅಗಲ 48, ಎತ್ತರ 60 ಕೊಡಿ, ಡಿವೈಸ್ ರ‍್ಯಾಗ್‌ನ ಎಜಿಜಿ ಪಿಎನ್‌ಜಿ ಎಂದು ಹೇಳಿ, ಅದರ ಸ್ಕೇಲಿಂಗ್ 3 ಮಾಡಿ. ಅಕ್ಷರ, ಗೆರೆ, ಚುಕ್ಕಿ, ಅಂಚು ಎಲ್ಲ ಒಟ್ಟಿಗೆ ಮೂರು ಪಟ್ಟು ಆಗುತ್ತವೆ. ಪಿಡಿಎಫ್ ಆದರೆ ಅದೂ ಬೇಡ, 16 × 20ರದ್ದನ್ನೇ ಕಳಿಸಿ, ಮುದ್ರಣದವರು ಶೇ. 300ಕ್ಕೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.